ಲಿಕೋಯಾ ಯಾವ ಜಿಲ್ಲೆಯದು

ಸರ್ಕಾರದ ಪಟ್ಟಿಯಿಂದ ಲಿಕೋಯಾ ಎಂಬ ಊರು ಕಾಣೆಯಾದದ್ದರಲ್ಲಿ ಯಾರ ಕೇಡುಬುದ್ಧಿಯೂ ಇರಲಿಲ್ಲ. ಇಬ್ಬರು ಪ್ರಾಮಾಣಿಕ ಅಧಿಕಾರಿಗಳು ಬಂದರು, ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡು ಹೋದರು, ಅಷ್ಟೇ. ಇಬ್ಬರಲ್ಲಿ ಒಬ್ಬನಾದರೂ ಸ್ವಲ್ಪ ಸೋಮಾರಿಯಾಗಿದ್ದು, ಹೋದ ವರ್ಷದ ಕಾಗದವನ್ನೇ ನಕಲು ಮಾಡಿದ್ದರೆ ಊರು ಉಳಿದುಕೊಳ್ಳುತ್ತಿತ್ತು.

ಮೊದಲನೆಯವನು ಜಾಂಬೆಜಿ ಹೊಳೆಯ ಪಡುವಣ ದಡದ ಸಿಬೋಯಾ ಜಿಲ್ಲೆಯವನು. ಏಪ್ರಿಲಿನಲ್ಲಿ ಯಂತ್ರದ ದೋಣಿಯಲ್ಲಿ ಬಂದ. ಕೈಯಲ್ಲಿದ್ದ ಉಪಕರಣ ಇಲ್ಲೇ ಲಿಕೋಯಾ ಎಂದು ತೋರಿಸಿದ ಕಡೆ ದೋಣಿ ನಿಲ್ಲಿಸಿ ಸುತ್ತ ನೋಡಿದ. ಎಲ್ಲ ಕಡೆ ನೀರು, ನೀರಿನ ಮೇಲೆ ಎರಡು ಹುಲ್ಲು ಮಾಡು, ಮಾಡಿನ ಮೇಲೊಂದು ಬೆಳ್ಳಕ್ಕಿ. ‘ಊರಿಲ್ಲ, ಹೊಳೆಯಿದೆ’ ಎಂದು ಬರೆದ. ಎರಡನೆಯವನು ಮೂಡಣ ದಡದ ನಾಂಗುಲಾ ಜಿಲ್ಲೆಯವನು. ಅವನು ಬಂದದ್ದು ಸೆಪ್ಟೆಂಬರಿನಲ್ಲಿ, ಮರಳಿನಲ್ಲಿ ಸೈಕಲ್ ತಳ್ಳಿಕೊಂಡು, ಬೆವರು ಸುರಿಸಿಕೊಂಡು. ಮೇಲುದಡದಲ್ಲಿ ಮೂವತ್ತೊಂದು ಮನೆಗಳು ಸಾಲಾಗಿದ್ದವು. ಬಾಗಿಲಿಗೆಲ್ಲ ಮುಳ್ಳು ಕಟ್ಟಿತ್ತು, ಅಂಗಳದಲ್ಲಿ ಮಂಡಿಯುದ್ದ ಹುಲ್ಲು. ಕೂಗಿದರೆ ಓ ಅನ್ನಲು ಒಂದು ನರಪಿಳ್ಳೆಯಿಲ್ಲ. ‘ಜನ ಬಿಟ್ಟುಹೋದ ಊರು’ ಎಂದು ಬರೆದು ಅವನೂ ಸೈಕಲ್ ತಿರುಗಿಸಿದ.

ಜನ ಎಲ್ಲಿಗೂ ಹೋಗಿರಲಿಲ್ಲ. ಬಯಲಿನ ಲೋಜಿ ಜನರೆಲ್ಲ ಹೇಗೋ ಲಿಕೋಯಾದವರೂ ಹಾಗೆಯೇ. ಹೊಳೆ ಬಯಲಿಗಿಳಿಯುವ ತನಕ ಪಡುವಣದ ದಿಬ್ಬದ ಮೇಲೆ ದನ, ಮೀನು, ಜೋಳ ಎಂದು ಬದುಕುವುದು, ನೀರು ಹೊಸ್ತಿಲಿಗೆ ಬಂದಾಗ ದೋಣಿಗೆ ಮನೆ ತುಂಬಿಸಿ ಹೊಳೆ ದಾಟಿ ಮೇಲುದಡಕ್ಕೆ ಹೋಗುವುದು, ನೀರಿಳಿದ ಮೇಲೆ ವಾಪಸು ಬರುವುದು. ಊರು ಒಂದೇ. ಅದಕ್ಕೆ ಜಾಗ ಎರಡು. ಅಧಿಕಾರಿಗಳು ಇಬ್ಬರೂ ಊರು ಮನೆಯಲ್ಲಿಲ್ಲದ ಹೊತ್ತು ನೋಡಿ ಬಾಗಿಲು ತಟ್ಟಿದ್ದರು.

ಊರಿನ ಯಜಮಾನಿ ನಾಲುಕುಯಿಗೆ ಈ ಸಂಗತಿ ತಿಳಿದದ್ದು ಊರಿಗೊಬ್ಬ ಮೇಷ್ಟ್ರು ಬೇಕೆಂದು ಕೇಳಲು ಹೋದಾಗ. ಐವತ್ತೆಂಟರ ಹೆಂಗಸು, ಎತ್ತರದ ಆಳು, ನಡೆದರೆ ಮುಸಿಸಿ ಎಂಬ ಪದರ ಪದರದ ಲಂಗ ನೆಲ ಗುಡಿಸುತ್ತಿತ್ತು. ಅವಳು ಸಿಬೋಯಾ ಕಚೇರಿಯ ಮುಂದೆ ಎರಡು ದಿನ ಕೂತಳು. ಮೂರನೆಯ ದಿನ ಗುಮಾಸ್ತ ಪಟ್ಟಿಯ ಮೇಲೆ ಬೆರಳು ಓಡಿಸಿ, ಮತ್ತೊಮ್ಮೆ ಓಡಿಸಿ, “ಆ ಹೆಸರಿನ ಊರಿಲ್ಲಮ್ಮ” ಎಂದ.

“ಇಲ್ಲದೇ ಇರೋ ಊರಿಂದ ನಾನು ಹೆಂಗಪ್ಪಾ ಬಂದೆ?”

“ಹೊಳೆ ಆಚೆಯವರಿರಬೇಕು ನೀವು. ನಾಂಗುಲಾದಲ್ಲಿ ಕೇಳಿ.”

ನಾಂಗುಲಾದಲ್ಲೂ ಕೇಳಿದಳು. ಅಲ್ಲಿನ ಗುಮಾಸ್ತನಿಗೆ ಇನ್ನೂ ಒಳ್ಳೆಯ ಮನಸ್ಸು. ಅವಳಿಗೆ ಕುರ್ಚಿ ಹಾಕಿಸಿ, ನೀರು ಕೊಡಿಸಿ, ಆಮೇಲೆ ಅವಳ ಊರು ಹಾಳುಬಿದ್ದು ವರ್ಷವಾಯಿತೆಂದು ಮೆಲ್ಲಗೆ ತಿಳಿಸಿದ. ಯಾರೋ ಸತ್ತ ಸುದ್ದಿ ಹೇಳುವವರ ಹಾಗೆ ಹೇಳಿದನಂತೆ.

ಮೇಷ್ಟ್ರು ಯಾಕೆ ಬೇಕಿತ್ತೆಂದರೆ, ನಾಲುಕುಯಿಯ ವಿದ್ಯೆ ಮುಗಿದುಹೋಗಿತ್ತು. ನಾಲ್ಕನೆಯ ತರಗತಿಯ ತನಕ ಓದಿದವಳು ಅವಳು. ಊರಿನಲ್ಲಿ ಬೇರೆ ಗತಿಯಿಲ್ಲದೆ ಒಂಬತ್ತು ವರ್ಷದಿಂದ ತಾನೇ ಮಕ್ಕಳನ್ನು ಜೊಂಡಿನ ಚಪ್ಪರದ ಕೆಳಗೆ ಕೂರಿಸಿ ಅಕ್ಷರ, ಕೂಡುವುದು, ಕಳೆಯುವುದು ಕಲಿಸಿದ್ದಳು. ಈಗ ದೊಡ್ಡ ಮಕ್ಕಳು ಅವಳಿಗೆ ಗೊತ್ತಿದ್ದಷ್ಟನ್ನೂ ಕಲಿತುಬಿಟ್ಟಿದ್ದರು. ಗೊತ್ತಿಲ್ಲದ್ದನ್ನು ಕೇಳಿದಾಗ ಅವಳು ಅವರನ್ನು ನೀರು ತರಲು ಕಳಿಸುತ್ತಿದ್ದಳು. ಹೋದ ವರ್ಷ ಊರಿನ ಹಂಡೆಗಳು ಯಾವತ್ತೂ ತುಂಬಿ ತುಳುಕುತ್ತಿದ್ದವು. ಮಕ್ಕಳು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ಆದರೆ ಅವಕ್ಕೂ ಗೊತ್ತಿತ್ತು. ಅದೇ ನಾಲುಕುಯಿಗೆ ಸಹಿಸಲಾಗದ್ದು. ಪಟ್ಟಿಯಲ್ಲಿ ಊರಿದ್ದರೆ ಶಾಲೆ, ಶಾಲೆಯಿದ್ದರೆ ಮೇಷ್ಟ್ರು. ಪಟ್ಟಿಯಲ್ಲೇ ಊರಿಲ್ಲದಿದ್ದರೆ ನಲವತ್ತಾರು ಮಕ್ಕಳು ಕೂಡಿ ಕಳೆದುಕೊಂಡೇ ಮುದುಕರಾಗಬೇಕು.

ಅವಳು ಪ್ರಾಂತ್ಯದ ಕಚೇರಿಗೆ ಅರ್ಜಿ ಬರೆದಳು. ಉತ್ತರ ಬರಲಿಲ್ಲ. ಮತ್ತೆ ಬರೆದಳು. ಮೂರನೆಯ ಅರ್ಜಿಗೆ ಉತ್ತರವಾಗಿ ಕಾಗದ ಬರಲಿಲ್ಲ, ಮನುಷ್ಯನೇ ಬಂದ. ಬಂದದ್ದಾದರೂ ಎಂಥ ದಿನ ಅಂತೀರಿ.

ಬಯಲು ಬಿಟ್ಟು ಹೊರಡಲು ಲೋಜಿ ರಾಜರ ನಗಾರಿ ಮೊಳಗಿದ್ದು ಆ ವಾರವೇ. ರಾಜರ ದೋಣಿ ಹೊರಡದೆ ಬಯಲಿನಲ್ಲಿ ಒಂದು ಕೋಳಿಪಿಳ್ಳೆಯೂ ಜಾಗ ಬದಲಿಸುವಂತಿಲ್ಲ. ಈ ಸಲ ನೀರಿಗೆ ಆತುರವಾಗಿತ್ತು, ರಾಜರಿಗೆ ಆಗಿರಲಿಲ್ಲ. ದಿಬ್ಬದ ಮೇಲೆ ಇಲಿ, ಹಾವು, ಮೇಕೆ, ಮನುಷ್ಯರು ಎಲ್ಲ ಒಂದೇ ಮನೆಯವರ ಹಾಗೆ ಎಂಟು ದಿನ ಕಳೆದಿದ್ದರು. ಶನಿವಾರ ನಗಾರಿ ಕೇಳಿಸಿತು. ಸೋಮವಾರ ಬೆಳಗ್ಗೆ ಹದಿನಾಲ್ಕು ದೋಣಿಗಳು ದಿಬ್ಬಕ್ಕೆ ಮೂತಿ ಆನಿಸಿ ನಿಂತವು. ಚಾಪೆ, ಮಡಕೆ, ಒನಕೆ, ಕೋಳಿ ಬುಟ್ಟಿ, ಒಣಮೀನಿನ ಮೂಟೆ, ಒಬ್ಬರ ಮೇಲೊಬ್ಬರು ಕೂಗಾಡುವ ಹೆಂಗಸರು. ಹಬ್ಬ ಎಂದರೆ ಲಿಕೋಯಾದವರಿಗೆ ಇದೇ.

ಈ ಗದ್ದಲದ ನಡುವೆ ಒಂದು ಬಾಡಿಗೆ ದೋಣಿ ಬಂದು ನಿಂತಿತು. ಅದರಿಂದ ಮೂವತ್ತರ ಆಸುಪಾಸಿನ ಗಂಡಸೊಬ್ಬ ಇಳಿದ. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಬೂಟು. ಮೊಣಕಾಲ ತನಕ ಮಡಿಸಿದ ಪ್ಯಾಂಟಿನಲ್ಲಿ, ಮುಖ ಗಂಟು ಹಾಕಿಕೊಂಡು ನೀರಿನಲ್ಲಿ ಹೆಜ್ಜೆ ಹುಡುಕುತ್ತ ಬಂದ. ಸರ್ಕಾರದವನೆಂದು ಕಂಡದ್ದೇ ನಾಲುಕುಯಿ ಒದ್ದೆ ನೆಲದಲ್ಲೇ ಮಂಡಿಯೂರಿ, ಅಂಗೈ ಬೊಗಸೆ ಮಾಡಿ, ದೊಡ್ಡವರ ಮುಂದೆ ತಟ್ಟುವ ಹಾಗೆ ಮೆಲ್ಲಗೆ ಚಪ್ಪಾಳೆ ತಟ್ಟಿದಳು.

“ಬನ್ನಿ ಸಾಹೇಬ್ರೇ.”

“ಇದೇನಾ ಲಿಕೋಯಾ?”

“ಇದೇ.”

“ನೀರಿದೆಯಲ್ಲಮ್ಮ.”

“ಇದೆ ಸಾಹೇಬ್ರೇ. ಅದಕ್ಕೇ ಹೊರಟಿದ್ದೀವಿ.”

“ಎಲ್ಲಿಗೆ?”

“ಲಿಕೋಯಾಕ್ಕೆ.”

ಸಾಹೇಬರು ಅವಳನ್ನೇ ನೋಡಿದರು. ಚೀಲದಿಂದ ಒಂದು ಕಾಗದ ತೆಗೆದು, ಅದನ್ನೂ ನೋಡಿದರು. “ನೋಡಿಮ್ಮಾ, ಈ ಶುಕ್ರವಾರ ಪಟ್ಟಿ ಮುಗಿಸ್ತಾರೆ. ನಿಮ್ಮ ಅರ್ಜಿ ಬಂತು ಅಂತ ನಾನೇ ಬಂದೆ. ಇಲ್ಲೊಂದು ಪ್ರಶ್ನೆಯಿದೆ, ‘ಊರಿನ ಶಾಶ್ವತ ಸ್ಥಳ ಯಾವ ಜಿಲ್ಲೆಯಲ್ಲಿದೆ’. ಮುಂದೆ ಒಂದು ಗುರುತು ಹಾಕಬೇಕು, ಒಂದೇ. ಶಾಶ್ವತ ಅಂದ್ರೆ ಗೊತ್ತಲ್ಲ? ಕದಲದೇ ಇರೋದು. ನೀವು ಚಾಪೆ ಸುತ್ಕೊಂಡು ನಿಂತಿದ್ದೀರಿ. ನಾನೇನು ಬರೀಲಿ?”

“ನಮ್ಮಲ್ಲಿ ಕದಲದೇ ಇದ್ದೋರು ಮುಳುಗ್ತಾರೆ ಸಾಹೇಬ್ರೇ” ಎಂದಳು ನಾಲುಕುಯಿ. ನಿಜವನ್ನೇ ಹೇಳಿದ್ದಳು, ಆದರೆ ಸಾಹೇಬರ ಮುಖ ಸಡಿಲಾಗಲಿಲ್ಲ. ಅವರು ಕಾಗದ ಮಡಿಸತೊಡಗಿದರು. ಮಡಿಸುವ ಆ ಬೆರಳುಗಳನ್ನು ನೋಡಿ ಅವಳಿಗೆ ಅಳು ಬಂತು. ಒಂಬತ್ತು ವರ್ಷ, ಮೂರು ಅರ್ಜಿ, ಎರಡು ಕಚೇರಿ, ಎಲ್ಲ ಆ ಮಡಿಕೆಯೊಳಗೆ ಹೋಗುತ್ತಿತ್ತು. ಏನಾದರೂ ಮಾತಾಡಿ ಅವರನ್ನು ನಿಲ್ಲಿಸಿಕೊಳ್ಳಬೇಕಿತ್ತು. ಬಂದವರನ್ನು ಕೇಳುವ ಮಾತು ಒಂದು ಇದ್ದೇ ಇರುತ್ತದಲ್ಲ, ಅದನ್ನೇ ಕೇಳಿದಳು.

“ಸಾಹೇಬ್ರು ಯಾವ ಕಡೆಯೋರು?”

“ದಕ್ಷಿಣದ ಕಡೆ. ಮೊಂಜೆ ಊರು. ಹೆಸರು ಚೂಲ್ವೆ ಹಾಮೂಂಗಾ ಅಂತ.”

ಆ ಹೆಸರು ಕೇಳಿದ್ದೇ ಮಡಕೆ ಹೊರುತ್ತಿದ್ದ ಹೆಂಗಸರು ಮಡಕೆ ಇಳಿಸಿದರು. ಹುಟ್ಟು ಹಿಡಿದಿದ್ದ ಗಂಡಸರು ತಿರುಗಿ ನೋಡಿದರು. ನಾಲುಕುಯಿ ನಿಧಾನವಾಗಿ ಎದ್ದು, ಮಂಡಿಯ ಕೆಸರು ಒರೆಸಿಕೊಂಡಳು.

“ತೋಂಗಾನಾ ನೀನು?”

“ಹೌದು” ಎಂದ ಹಾಮೂಂಗಾ. ಅವನ ತುಟಿಯಂಚು ಸ್ವಲ್ಪ ಅಲುಗಿತು.

“ಅಯ್ಯೋ ನನ್ನ ಕರ್ಮವೇ. ತೋಂಗಾನ ಮುಂದೆ ಮಂಡಿಯೂರಿಬಿಟ್ಟೆನಲ್ಲ. ನಮ್ಮಜ್ಜಿ ಗೋರಿಯಲ್ಲಿ ಮಗ್ಗುಲು ಬದಲಿಸಿರ್ತಾಳೆ. ಮೊದಲೇ ಹೇಳೋಕೆ ಏನಾಗಿತ್ತೋ ನಿಂಗೆ?”

“ನೀವು ಚಪ್ಪಾಳೆ ತಟ್ಟೋದು ಚೆನ್ನಾಗಿತ್ತು. ಯಾಕೆ ನಿಲ್ಲಿಸ್ಲಿ ಅಂತ ಸುಮ್ನಿದ್ದೆ” ಎಂದ ಹಾಮೂಂಗಾ. ಅಷ್ಟರಲ್ಲಿ ಅವನೂ ನಗುತ್ತಿದ್ದ.

ತೋಂಗಾ ಜನ ಲೋಜಿ ಜನಕ್ಕೆ ತಲೆತಲಾಂತರದ ಬೀಗರು. ಯಾರ ಮನೆಯ ಹೆಣ್ಣು ಯಾರ ಮನೆಗೆ ಹೋಯಿತು ಎಂಬುದು ಯಾರಿಗೂ ನೆನಪಿಲ್ಲ. ದನ ಹೋದದ್ದು ಮಾತ್ರ ಇಬ್ಬರಿಗೂ ಚೆನ್ನಾಗಿ ನೆನಪಿದೆ. ಬೀಗರ ನಡುವೆ ಬೈಗುಳವೇ ಉಪಚಾರ. ಬೀಗರ ಸಾಮಾನು ಎತ್ತಿಟ್ಟುಕೊಂಡರೆ ಅದು ಕಳವಲ್ಲ. ಸಾವಿನ ಮನೆಯಲ್ಲೂ ಬೀಗ ಬಂದರೆ ನಗಿಸಿಯೇ ಹೋಗುತ್ತಾನೆ. ಇದರಲ್ಲಿ ಸಿಟ್ಟು ಮಾಡಿಕೊಂಡವನು ಸೋತ ಲೆಕ್ಕ, ಅವನು ಸಾಹೇಬನಾದರೂ ಅಷ್ಟೆ, ಮಂತ್ರಿಯಾದರೂ ಅಷ್ಟೆ. ಅರೆಗಳಿಗೆಯ ಹಿಂದೆ ಮಾತು ಹುಡುಕಿ ಒದ್ದಾಡುತ್ತಿದ್ದ ನಾಲುಕುಯಿಗೆ ಈಗ ಬಾಯಿತುಂಬ ಮಾತು.

ಅವಳು ಕೈಚಾಚಿ ಅವನ ಹೆಗಲಿನ ಚೀಲ ಕಿತ್ತುಕೊಂಡಳು. ಕಾಗದ, ಜಾಗ ತೋರಿಸುವ ಉಪಕರಣ, ಮುದ್ರೆ ಎಲ್ಲ ಅದರಲ್ಲೇ ಇದ್ದವು. “ಸಿತಾಲಿ, ಇದನ್ನ ಕೋಳಿ ಬುಟ್ಟಿ ಜೊತೆ ಇಡು” ಎಂದು ತನ್ನ ದೋಣಿಯ ಅಂಬಿಗನತ್ತ ಎಸೆದಳು.

“ಸರ್ಕಾರದ ಚೀಲ ಅದು ಬೀಗಿತ್ತಿ.”

“ಸರ್ಕಾರ ಬಂದು ಕೇಳ್ಲಿ, ಕೊಡ್ತೀನಿ. ನಿಂಗೆ ಬೇಕಿದ್ರೆ ದೋಣಿ ಹತ್ತು. ಲಿಕೋಯಾ ಎಲ್ಲಿದೆ ಅಂತ ಹುಡುಕ್ಕೊಂಡು ಬಂದೋನು ತಾನೆ? ಲಿಕೋಯಾ ಈಗ ಹೊರಡುತ್ತೆ. ಬಂದ್ರೆ ಬಾ.”

ಹಾಮೂಂಗಾ ತನ್ನ ಬಾಡಿಗೆ ದೋಣಿಯತ್ತ ನೋಡಿದ. ಅದರ ಅಂಬಿಗ ಆಗಲೇ ಯಾರದೋ ಮೇಕೆಗಳನ್ನು ಹತ್ತಿಸಿಕೊಳ್ಳುತ್ತಿದ್ದ, ಅವನೂ ಲೋಜಿಯವನೇ. ಸಾಹೇಬ ಬೂಟನ್ನು ಎದೆಗವಚಿಕೊಂಡು ನಾಲುಕುಯಿಯ ದೋಣಿ ಹತ್ತಿ, ಎರಡು ಕೋಳಿ ಬುಟ್ಟಿಗಳ ಸಂದಿಯಲ್ಲಿ ಕೂತ.

ದೋಣಿಗಳು ಒಂದರ ಹಿಂದೊಂದು ಬಯಲಿಗಿಳಿದವು. ಮುಳುಗಿದ ಹುಲ್ಲಿನ ತುದಿಗಳು ನೀರಿನ ಮೇಲೆ ಹಸಿರಾಗಿ ತೂಗುತ್ತಿದ್ದವು, ಬಿಳಿ ನೈದಿಲೆಗಳು ಹುಟ್ಟಿಗೆ ಸಿಕ್ಕಿ ಬರುತ್ತಿದ್ದವು. ಗಂಡಸರು ನಿಂತು ಹುಟ್ಟು ಹಾಕುತ್ತ ಹಾಡಿದರು. ಹಾಡಿನ ಪದ ಹಳೆಯದಾದರೂ ಆ ದಿನ ಅದರೊಳಕ್ಕೆ ಒಬ್ಬ ತೋಂಗಾ ಸೇರಿಕೊಂಡ. ಅವನು ಹಸುವಿಗೆ ಹಾಸಿಗೆ ಹಾಸಿ ಹೆಂಡತಿಯನ್ನು ಕೊಟ್ಟಿಗೆಯಲ್ಲಿ ಮಲಗಿಸಿದ, ಅವನು ನೀರು ಕಂಡು ಅಮ್ಮಾ ಎಂದ, ಹೀಗೆ. ಹಾಮೂಂಗಾ ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೇಳುತ್ತಿದ್ದ.

“ಈಜು ಬರುತ್ತಾ ಬೀಗರೇ?” ಎಂದ ಸಿತಾಲಿ.

“ನಮ್ಮ ಕಡೆ ಹೊಳೇನ ಹೊಳೆಯಲ್ಲೇ ಬಿಡ್ತೀವಪ್ಪ. ಅಡುಗೆಮನೆಗೆ ಕರೆಯೋದಿಲ್ಲ.”

“ನೀರಾನೆ ಬಂದ್ರೆ ಏನ್ಮಾಡ್ತೀರಿ?”

“ನೀವು ಲೋಜಿಗಳು ಅಂತ ತೋರಿಸ್ತೀನಿ. ದನ ಕದ್ದೋರು ಇವರೇ, ಕರ್ಕೊಂಡು ಹೋಗು ಅಂತೀನಿ.”

ಹಿಂದಿನ ದೋಣಿಯವರೆಗೂ ನಗು ಹಬ್ಬಿತು. ಮಡಕೆಯಲ್ಲಿದ್ದ ಹುಳಿಮೊಸರನ್ನು ನಾಲುಕುಯಿ ಸೋರೆಬುರುಡೆಗೆ ಸುರಿದು ಕೊಟ್ಟಳು. ಅವನು ಕುಡಿದು ಬಾಯಿ ಒರೆಸಿಕೊಂಡು, “ಹಸು ನಮ್ದು, ಅದಕ್ಕೇ ಮೊಸರು ಇಷ್ಟು ಚೆನ್ನಾಗಿದೆ” ಎಂದ. ಅವಳಿಗೆ ಈ ಹುಡುಗ ಇಷ್ಟವಾಗಿಬಿಟ್ಟ. ಇಷ್ಟವಾದಷ್ಟೂ ಒಳಗೊಳಗೇ ಭಯವೂ ಹೆಚ್ಚಿತು. ನಗಿಸಿಬಿಟ್ಟ ಮಾತ್ರಕ್ಕೆ ಪಟ್ಟಿಗೆ ಊರು ಸೇರುವುದಿಲ್ಲ ಎಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ.

ಬಯಲು ಮುಗಿದು ನಿಜವಾದ ಹೊಳೆ ಬಂತು. ಸೆಳೆತ ಜೋರಾಯಿತು, ಹಾಡು ನಿಂತಿತು. ಹೊಳೆಯ ನಡುವೆ ಒಂದು ಜೊಂಡಿನ ಗಡ್ಡೆಯಿದೆ. ಪ್ರತಿವರ್ಷ ದೋಣಿಗಳು ಅದರ ಮರೆಗೆ ಹೋಗಿ ಜೊಂಡು ಹಿಡಿದುಕೊಂಡು ಸ್ವಲ್ಪ ದಣಿವಾರಿಸಿಕೊಳ್ಳುವುದು ವಾಡಿಕೆ. ಅಲ್ಲಿ ನಿಂತಾಗ ಹಾಮೂಂಗಾ, “ಬೀಗಿತ್ತಿ, ಆ ಉಪಕರಣ ಒಂದು ನಿಮಿಷ ಕೊಡಿ. ಓಡಿಹೋಗೋಕೆ ಜಾಗ ಎಲ್ಲಿದೆ ಇಲ್ಲಿ” ಎಂದ. ಕೊಟ್ಟಳು. ಅವನು ಅದನ್ನು ಆ ಕಡೆ ಈ ಕಡೆ ತಿರುಗಿಸಿದ. ಆಮೇಲೆ ತಲೆಯೆತ್ತಿ, ಜೊಂಡಿಗೆ ಅಂಟಿಕೊಂಡು ಸಾಲಾಗಿ ನಿಂತ ಹದಿನಾಲ್ಕು ದೋಣಿಗಳನ್ನು ಮೊದಲ ಸಲ ಕಂಡವನಂತೆ ನೋಡಿದ.

“ಎಲ್ಲರೂ ಇದ್ದಾರಾ? ದಿಬ್ಬದ ಮೇಲೆ ಯಾರಾದ್ರೂ ಉಳಿದಿದ್ದಾರಾ?”

“ಯಾಕೆ ಉಳೀತಾರೆ, ಮೀನಾಗೋಕಾ?”

“ಮೇಲುದಡದಲ್ಲಿ?”

“ಹಾವು ಬಿಟ್ರೆ ಯಾರಿಲ್ಲ.”

“ಹಾಗಾದ್ರೆ ಇಡೀ ಊರು ಇಲ್ಲೇ ಇದೆ. ಜಿಲ್ಲೆಗಳ ಗಡಿಯೂ ಸರಿಯಾಗಿ ಈ ಜೊಂಡಿನ ಮೇಲೇ ಹೋಗುತ್ತೆ” ಎಂದ ಹಾಮೂಂಗಾ. “ಪಡುವಣದಲ್ಲಿ ಎಣಿಸಿದ್ರೆ ಇವರು ಮೂಡಣದೋರು ಅಂತಾರೆ. ಮೂಡಣದಲ್ಲಿ ಎಣಿಸಿದ್ರೆ ಪಡುವಣದೋರು ಅಂತಾರೆ. ಇಲ್ಲೇ ಎಣಿಸ್ತೀನಿ. ಯಾರೂ ಅಲುಗಬೇಡಿ.”

ಅಲುಗಬೇಡಿ ಎಂದರೆ ಲಿಕೋಯಾದವರು ಸುಮ್ಮನಿರುತ್ತಾರೆಯೇ. ದೋಣಿಯಿಂದ ದೋಣಿಗೆ ಕೂಗು ಹೋಯಿತು. ಹೆಂಗಸರು ತಲೆವಸ್ತ್ರ ಸರಿಮಾಡಿಕೊಂಡರು, ಫೋಟೋ ತೆಗೆಯುತ್ತಾರೆಂದು ತಿಳಿದ ಒಬ್ಬಳು ಪೆಟ್ಟಿಗೆ ಬಿಚ್ಚಿ ಹೊಸ ಮುಸಿಸಿ ಹಾಕಿಕೊಳ್ಳಲು ಹೊರಟು ದೋಣಿಯನ್ನೇ ಮಗುಚುವುದರಲ್ಲಿದ್ದಳು. ಸಿತಾಲಿ ಜೊಂಡು ಹಿಡಿದು ಹಿಡಿದು ದೋಣಿಯನ್ನು ಸಾಲಿನುದ್ದಕ್ಕೂ ಸರಿಸಿದ. ಹಾಮೂಂಗಾ ಈಗ ಅಂಚು ಹಿಡಿಯುವುದನ್ನೂ ಮರೆತು, ಚೀಲದ ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹೆಸರು ಬರೆದ. ಏಳನೆಯ ದೋಣಿಯಲ್ಲಿ ಚಾಪೆಯ ಮೇಲೆ ಮಲಗಿದ್ದ ಲುಬಿಂಡಾ ಅಜ್ಜನ ಸರದಿ ಬಂತು. ಅವನಿಗೆ ತೊಂಬತ್ತು ದಾಟಿತ್ತು.

“ನನ್ನನ್ನ ಅರ್ಧ ಬರ್ಕೋ” ಎಂದ ಅಜ್ಜ. “ಕಾಲು ಆಗಲೇ ಹೋಗಿದೆ, ಕಿವಿ ಹೋಗಿದೆ.”

“ಅರ್ಧ ಬರೆಯೋಕೆ ಜಾಗ ಇಲ್ಲ ಅಜ್ಜ.”

“ಯಾವೂರಿನೋನು ಇವನು?”

“ತೋಂಗಾ” ಎಂದು ಯಾರೋ ಅಜ್ಜನ ಕಿವಿಯಲ್ಲಿ ಕೂಗಿದರು.

“ಹಾಗಾದ್ರೆ ಎರಡು ಸಲ ಬರ್ಕೋ. ನಿಮ್ಮಜ್ಜನ ಎತ್ತು ಹೊಡ್ಕೊಂಡು ಬಂದಾಗ ನನಗೆ ಇಬ್ಬರ ಬಲ ಇತ್ತು.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹದಿನಾಲ್ಕನೆಯ ದೋಣಿಯಲ್ಲಿ ನಾಲ್ಕು ದಿನದ ಕೂಸೊಂದಿತ್ತು, ಅದಕ್ಕಿನ್ನೂ ಹೆಸರಿಟ್ಟಿರಲಿಲ್ಲ. ಹೆಸರಿಲ್ಲದೆ ಬರೆಯಲಾಗದು ಎಂದಾಗ ತಾಯಿ ಅಲ್ಲೇ ಹೆಸರಿಟ್ಟಳು. ಮೂವತ್ತೊಂದು ಮನೆ, ನೂರ ಎಂಬತ್ತೇಳು ಜನ. ಹಾಮೂಂಗಾ ಕೆಳಗೆ ಗೆರೆ ಎಳೆದು, ಪೆನ್ನು ಬಾಯಲ್ಲಿಟ್ಟುಕೊಂಡು ಕೂತ. ಕಾಗದದ ಆ ಒಂದು ಪ್ರಶ್ನೆ ಹಾಗೇ ಉಳಿದಿತ್ತು.

“ಬೀಗಿತ್ತಿ, ಈಗ ತಮಾಷೆ ಸಾಕು. ಜನ ಇಲ್ಲ ಅಂತ ಇನ್ನು ಯಾರೂ ಅನ್ನೋಕಾಗಲ್ಲ. ಜಿಲ್ಲೆ ಒಂದನ್ನ ಆರಿಸಿ. ಸಿಬೋಯಾ ಅನ್ನಿ, ನಾಂಗುಲಾ ಅನ್ನಿ, ಗುರುತು ಹಾಕ್ತೀನಿ. ಶಾಲೆ ಖಂಡಿತ ಬರುತ್ತೆ.”

“ಮೇಷ್ಟ್ರು?”

“ಮೇಷ್ಟ್ರೂ ಬರ್ತಾರೆ. ಆದ್ರೆ ಒಂದು ಜಿಲ್ಲೆ ಮೇಷ್ಟ್ರು ಇನ್ನೊಂದು ಜಿಲ್ಲೇಲಿ ಪಾಠ ಮಾಡೋ ಹಾಗಿಲ್ಲ. ನೀವು ಹೊಳೆ ದಾಟಿದ್ರೆ ಅವರು ಆ ದಡದಲ್ಲೇ ಇರ್ತಾರೆ.”

“ಅರ್ಧ ವರ್ಷ ಮೇಷ್ಟ್ರು, ಅರ್ಧ ವರ್ಷ ನಾನು.”

“ಏನೂ ಇಲ್ಲದ್ದಕ್ಕಿಂತ ಅದು ವಾಸಿ ಅಲ್ವಾ?”

ಎಲ್ಲರೂ ನಾಲುಕುಯಿಯನ್ನೇ ನೋಡುತ್ತಿದ್ದರು. ಮಕ್ಕಳೂ ನೋಡುತ್ತಿದ್ದವು. ಒಂದು ಮಾತು ಹೇಳಿದ್ದರೆ ಕೆಲಸ ಮುಗಿದುಹೋಗುತ್ತಿತ್ತು. ಅರ್ಧ ವರ್ಷದ ಮೇಷ್ಟ್ರು ಸಣ್ಣ ಭಾಗ್ಯವೇನಲ್ಲ. ಆದರೆ ಅವಳು ಯಾವ ದಡದ ಹೆಸರು ಹೇಳಬೇಕು? ದಿಬ್ಬದ ಮೇಲೆ ಅವಳ ಗಂಡನನ್ನು ಮಣ್ಣು ಮಾಡಿದ್ದರು, ಮೇಲುದಡದಲ್ಲಿ ಅವಳ ಮೂವರೂ ಮಕ್ಕಳು ಹುಟ್ಟಿದ್ದರು. ಒಂದನ್ನು ಆರಿಸಿದರೆ ಇನ್ನೊಂದು ಕಡೆ ಇಡೀ ಊರು ಬಿಡಾರ ಹೂಡಿದ ಪರದೇಶಿಯಾಗುತ್ತದೆ. ಇವತ್ತು ಮೇಷ್ಟ್ರು, ನಾಳೆ ಬಾವಿ, ನಾಡಿದ್ದು ಔಷಧಿ, ಪ್ರತಿಯೊಂದಕ್ಕೂ ‘ನೀವು ಆಚೆಯವರು’ ಎನ್ನಿಸಿಕೊಳ್ಳಬೇಕು.

“ಎರಡಕ್ಕೂ ಹಾಕು” ಎಂದಳು.

“ಎರಡು ಗುರುತು ಹಾಕಿದ ಕಾಗದವನ್ನ ಮೇಲಿನೋರು ಹರಿದು ಹಾಕಬಹುದು. ಆಗ ಅರ್ಧಾನೂ ಇಲ್ಲ. ಯೋಚನೆ ಮಾಡಿ.”

“ಮಾಡಿದೆ. ಇವತ್ತಿನಿಂದಲ್ಲ, ಹುಟ್ಟಿದಾಗಿನಿಂದ ಮಾಡಿದ್ದೀನಿ. ನಿನ್ನ ಕಣ್ಣೆದುರಿಗೇ ಇದೆಯಲ್ಲ ಊರು, ಎರಡು ತುಂಡು ಕಾಣಿಸ್ತಾ ಇದೆಯಾ? ಬೀಗರ ಹಕ್ಕಿನ ಮೇಲೆ ಕೇಳ್ತಾ ಇದ್ದೀನಿ. ಎರಡಕ್ಕೂ ಹಾಕಿ, ಅದ್ಯಾಕೆ ಅಂತ ಕೆಳಗೆ ನಿನ್ನ ಕೈಯಾರೆ ಬರಿ. ಬರ್ದು ಮುದ್ರೆ ಒತ್ತು.”

ಹಾಮೂಂಗಾ ಕಾಗದವನ್ನು ಮತ್ತೊಮ್ಮೆ ಮೊದಲಿನಿಂದ ಓದಿದ, ಪೆನ್ನು ಮತ್ತೆ ಬಾಯಿಗೆ ಹೋಯಿತು. ಹಾಗೆ ಬರೆದರೆ ಬೈಸಿಕೊಳ್ಳುವವನು ಅವನೇ ಎಂಬುದು ಅವಳಿಗೂ ಅರ್ಥವಾಗುತ್ತಿತ್ತು. ಬೀಗರ ಹಕ್ಕಿನ ಮಾತು ತೆಗೆದದ್ದು ಜಾಸ್ತಿಯಾಯಿತೇನೋ ಎಂದು ಅಳುಕಿದಳು. ಆಗ ಅವನು ಪೆನ್ನನ್ನು ಬಾಯಿಂದ ತೆಗೆದ.

“ಬೀಗರ ಹಕ್ಕು ಅಂದ್ರಿ. ಹಕ್ಕು ನಂಗೂ ಇದೆ. ಎದ್ದು ನಿಂತು, ಹದಿನಾಲ್ಕು ದೋಣಿಗೂ ಕೇಳೋ ಹಾಗೆ ಹೇಳಬೇಕು, ‘ನಮ್ಮಜ್ಜಂದಿರು ತೋಂಗಾ ಜನರ ದನ ಕದ್ದರು, ತೋಂಗಾಗಳೇ ನಮ್ಮ ದೊಡ್ಡೋರು’ ಅಂತ. ಹೇಳಿದ್ರೆ ಬರೀತೀನಿ.”

“ಲೋ, ಬೇರೆ ಏನಾದ್ರೂ ಕೇಳು. ಒಂದು ಕೋಳಿ ತಗೋ.”

“ಕೋಳಿ ಬೇಡ.”

ಸಿತಾಲಿ ಹುಟ್ಟನ್ನು ಆಸರೆಗೆ ಚಾಚಿದ. ನಾಲುಕುಯಿ ಅದನ್ನು ಹಿಡಿದು ಎದ್ದುನಿಂತಳು. ಊರಿನಲ್ಲಿ ಅವಳು ಯಾರಿಗೂ ತಲೆಬಾಗಿದವಳಲ್ಲ, ತಮಾಷೆಗೂ ಬಾಗಿದವಳಲ್ಲ. ತುಟಿಗೆ ಬಂದ ಮಾತು ಎರಡು ಸಲ ಹಿಂದಕ್ಕೆ ಹೋಯಿತು.

“ನಮ್ಮಜ್ಜಂದಿರು ತೋಂಗಾ ಜನರ ದನ ಕದ್ದರು” ಎಂದು ಕೂಗಿದಳು. “ಕದ್ದರು ಅನ್ನೋದೇನು, ಅಲ್ಲಿ ಮೇವಿಲ್ಲದೆ ದನಗಳೇ ಹಿಂದೆ ಬಂದವು.”

“ಬಾಲ ಸೇರಿಸಬಾರದು. ಮೊದಲಿಂದ ಹೇಳಿ.”

“ಕದ್ದರು” ಎಂದಳು. ಕಣ್ಣುಮುಚ್ಚಿ, ಉಸಿರೆಳೆದುಕೊಂಡು ಉಳಿದದ್ದನ್ನೂ ಹೇಳಿದಳು. “ತೋಂಗಾಗಳೇ ನಮ್ಮ ದೊಡ್ಡೋರು.”

ಏಳನೆಯ ದೋಣಿಯಿಂದ ಲುಬಿಂಡಾ ಅಜ್ಜ, “ಏನಂದ್ಲು?” ಎಂದು ಕೇಳಿದ. ಯಾರಿಗೂ ಅದನ್ನು ಅವನಿಗೆ ತಿಳಿಸುವ ಧೈರ್ಯ ಬರಲಿಲ್ಲ. ಮೊದಲು ನಕ್ಕವಳು ನಾಲುಕುಯಿಯೇ. ಅವಳ ಹಿಂದೆ ಇಡೀ ಹೊಳೆ ನಕ್ಕಿತು. ಹಾಮೂಂಗಾ ಎರಡು ಗುರುತು ಹಾಕಿ, ಕೆಳಗೆ ಆರು ಸಾಲು ಬರೆದು, ಕೋಳಿ ಬುಟ್ಟಿಯ ಮೇಲೆ ಕಾಗದವಿಟ್ಟು ಮುದ್ರೆ ಒತ್ತಿದ.

ಆ ರಾತ್ರಿ ಅವನು ಮೇಲುದಡದಲ್ಲಿ ಊರಿನವರ ಜೊತೆ ಮುದ್ದೆ, ಮೀನು ಉಂಡು, ಬೆಳಗ್ಗೆ ಹೊರಟ. ಪಟ್ಟಿಯನ್ನು ಮುಂದಿನ ವಾರದ ಗುರುವಾರ ರೇಡಿಯೋದಲ್ಲಿ ಓದುತ್ತಾರೆ, ಏನು ಬರುತ್ತದೋ ತನಗೂ ಗೊತ್ತಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದ.

ಗುರುವಾರದ ತನಕ ನಾಲುಕುಯಿ ಒಂದು ತುತ್ತು ನೆಟ್ಟಗೆ ಉಣ್ಣಲಿಲ್ಲ. ಅಂಗಳದ ಹುಲ್ಲು ಕಿತ್ತಳು, ಗೋಡೆಗೆ ಮಣ್ಣು ಮೆತ್ತಿದಳು, ಕೈ ಸುಮ್ಮನಾದ ಕೂಡಲೆ ಆ ಎರಡು ಗುರುತುಗಳು ಕಣ್ಣೆದುರು ಬರುತ್ತಿದ್ದವು. ಅರ್ಧವನ್ನಾದರೂ ತೆಗೆದುಕೊಳ್ಳಬಹುದಿತ್ತು. ಯಾರೂ ಅವಳನ್ನು ಒಂದು ಮಾತೂ ಅನ್ನಲಿಲ್ಲ, ಅದು ಇನ್ನಷ್ಟು ಕಷ್ಟವಾಯಿತು.

ಗುರುವಾರ ಮಧ್ಯಾಹ್ನ ಎಲ್ಲರೂ ಸಿತಾಲಿಯ ಅಂಗಳದಲ್ಲಿ ಸೇರಿದರು. ಅವನು ಬೆಳಗಿನಿಂದ ಬ್ಯಾಟರಿಗಳನ್ನು ಬಿಸಿಲಿಗೆ ಇಟ್ಟು ಜೀವ ತುಂಬಿಸಿದ್ದ. ರೇಡಿಯೋದ ಹೆಂಗಸು ಜಿಲ್ಲೆಯಿಂದ ಜಿಲ್ಲೆಗೆ ಊರುಗಳ ಹೆಸರು ಓದಿದಳು. ಸಿಬೋಯಾ ಜಿಲ್ಲೆ ಬಂತು. ಊರುಗಳು ಒಂದೊಂದಾಗಿ ಹೋದವು, ಲಿಕೋಯಾ ಬರಲಿಲ್ಲ. ನಾಂಗುಲಾ ಜಿಲ್ಲೆ ಬಂತು. ಅದರಲ್ಲೂ ಬರಲಿಲ್ಲ. ಬೇರೆ ಜಿಲ್ಲೆಗಳು ಶುರುವಾದವು. ಕೆಲವರು ಎದ್ದು ಹೋದರು. ನಾಲುಕುಯಿ ಮಾತ್ರ ಕದಲದೆ ಕೂತಿದ್ದಳು. ತಪ್ಪು ತನ್ನದು, ಊರಿನದಲ್ಲ, ಎಂದು ಹೇಗೆ ಹೇಳುವುದೆಂದು ಮಾತು ಜೋಡಿಸುತ್ತಿದ್ದಳು.

ಎಲ್ಲ ಜಿಲ್ಲೆಗಳೂ ಮುಗಿದವು. ರೇಡಿಯೋದ ಹೆಂಗಸು ಕೆಮ್ಮಿದಳು, ಕಾಗದ ಮಗುಚಿದ ಸದ್ದಾಯಿತು.

“ಎರಡು ಜಿಲ್ಲೆಗಳಿಗೂ ಸೇರಿದ ಊರು, ಒಂದು” ಎಂದು ಓದಿದಳು. “ಲಿಕೋಯಾ. ಮೂವತ್ತೊಂದು ಮನೆ, ನೂರ ಎಂಬತ್ತೇಳು ಜನ. ಶಾಲೆ ಮಂಜೂರು. ಶಿಕ್ಷಕರು ಒಬ್ಬರು. ಊರು ಯಾವ ದಡದಲ್ಲಿರುತ್ತದೋ ಶಿಕ್ಷಕರು ಆ ದಡದಲ್ಲಿ ಇರತಕ್ಕದ್ದು.”

ಬ್ಯಾಟರಿಯ ಜೀವ ಅಲ್ಲಿಗೆ ಸಾಕಾಗಿ ರೇಡಿಯೋ ಗೊರಗೊರ ಎಂದು ನಿಂತಿತು. ಅಂಗಳದಲ್ಲಿ ಯಾರು ಯಾರನ್ನು ತಬ್ಬಿಕೊಂಡರು, ಯಾರು ಕುಣಿದರು, ಯಾರ ಮಡಕೆ ಒಡೆಯಿತು, ಒಂದೂ ನಾಲುಕುಯಿಯ ಗಮನಕ್ಕೆ ಬರಲಿಲ್ಲ. ಅವಳು ಮುಖ ಮುಚ್ಚಿಕೊಂಡು ಚೆನ್ನಾಗಿ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಯಜಮಾನಿಯ ದನಿಯಲ್ಲಿ ಎಲ್ಲರನ್ನೂ ಸುಮ್ಮನಾಗಿಸಿದಳು.

“ಕುಣಿದಿದ್ದು ಸಾಕು. ಮೇಷ್ಟ್ರಿಗೆ ಮನೆ ಕಟ್ಟಬೇಕು. ಇವತ್ತೇ ಜೊಂಡು ಕೊಯ್ಯೋಕೆ ಹೊರಡೋಣ.”

“ಒಂದು ಮನೆಗೆ ಇಡೀ ಊರು ಯಾಕೆ?” ಎಂದ ಸಿತಾಲಿ. “ನಾವು ನಾಲ್ಕು ಜನ ಸಾಕು.”

“ಒಂದು ಮನೆ ಅಂತ ಯಾರು ಹೇಳಿದ್ದು?” ಎಂದಳು ನಾಲುಕುಯಿ. “ಇಲ್ಲೊಂದು, ನೀರಿಳಿದ ಮೇಲೆ ದಿಬ್ಬದ ಮೇಲೊಂದು. ಇನ್ಮೇಲೆ ಅವರು ನಮ್ಮೂರೋರು ಕಣೋ.”